ಎಟಿಆರ್ ಈಗಲೇ, ಎಂಬ್ರೇಯರ್ ಆಮೇಲೆ, ಇಲ್ಲಾ ಸಾಲ ಮಾಡಿ ಎ320? 214 ಗಂಟೆಯ ಹುಡುಗನ ಗೊಂದಲ

ಜಕ್ಕೂರು_ಪಾರಿವಾಳ
ಎಲ್ಲರಿಗೂ ನಮಸ್ಕಾರ. ವರ್ಷದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಊರು ತಿಪಟೂರು ಹತ್ರ, ಸದ್ಯ ಯಲಹಂಕ ನ್ಯೂ ಟೌನ್‌ನಲ್ಲಿ ಪಿಜಿ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಕೈಗೆ ಬಂದು ಹದಿನಾಲ್ಕು ತಿಂಗಳಾಯ್ತು. ಒಟ್ಟು 214 ಗಂಟೆ ಹಾರಾಟ, ಮಲ್ಟಿ ಎಂಜಿನ್ ಮತ್ತು ಐಆರ್ (ಉಪಕರಣ ನೋಡ್ಕೊಂಡೇ ಹಾರಿಸೋ ರೇಟಿಂಗ್) ಇದೆ, ಕ್ಲಾಸ್ 1 ಮೆಡಿಕಲ್ ಚಾಲ್ತಿಯಲ್ಲಿದೆ. ಈಗ ಮೂರು ದಾರಿ ಮುಂದಿವೆ.

ಒಂದು, ಎಟಿಆರ್ 72-600 (ಪ್ರೊಪೆಲರ್ ಇರೋ ಸಣ್ಣ ವಿಮಾನ), ಫಸ್ಟ್ ಆಫೀಸರ್ ಅಂದ್ರೆ ಕೋ-ಪೈಲಟ್. ಆಫರ್ ಲೆಟರ್ ಬಂದಿದೆ, ಮುಂದಿನ ತಿಂಗಳು ಗ್ರೌಂಡ್ ಕ್ಲಾಸ್ ಶುರು. ಬಾಂಡ್ ಇದೆ, ಮಧ್ಯೆ ಬಿಟ್ರೆ ದುಡ್ಡು ಕಟ್ಟಬೇಕು.

ಎರಡು, ಎಂಬ್ರೇಯರ್ ಇ175, ಸಣ್ಣ ಜೆಟ್. ಇಂಟರ್‌ವ್ಯೂ, ಸಿಮ್ ಚೆಕ್ (ಸಿಮ್ಯುಲೇಟರ್ ಪರೀಕ್ಷೆ) ಎರಡೂ ಪಾಸ್. ಆದರೆ 'ಪೂಲ್‌ನಲ್ಲಿ ಇಟ್ಟಿದ್ದೀವಿ, ಆರೆಂಟು ತಿಂಗಳಲ್ಲಿ ಕರೀತೀವಿ' ಅಂದಿದ್ದಾರೆ. ಬರವಣಿಗೆಯಲ್ಲಿ ಏನೂ ಇಲ್ಲ.

ಮೂರು, ಒಬ್ಬ ಕನ್ಸಲ್ಟೆಂಟು ನಮ್ಮಪ್ಪನ ತಲೇಲಿ ಹುಳ ಬಿಟ್ಟಿದ್ದಾನೆ. ಸ್ವಂತ ದುಡ್ಡಲ್ಲಿ ಏರ್‌ಬಸ್ ಎ320 ಜೆಟ್‌ನ ಟೈಪ್ ರೇಟಿಂಗ್ (ಆ ಒಂದು ಮಾದರಿ ಹಾರಿಸೋ ಅರ್ಹತೆ) ಮಾಡಿಸಿಕೊಂಡು ಬಿಟ್ರೆ ದೊಡ್ಡ ಕಂಪನಿಗಳು ಎತ್ಕೊಂಡು ಹೋಗ್ತಾವಂತೆ. ಅಪ್ಪ ತೆಂಗಿನ ತೋಟದ ಮೇಲೆ ಇನ್ನೊಂದು ಸಾಲಕ್ಕೂ ರೆಡಿ. ನನಗೆ ಮನಸ್ಸಿಲ್ಲ.

ಬ್ಯಾಚ್‌ಮೇಟ್‌ಗಳು ಹೇಳೋದು ಒಂದೇ ಮಾತು: 'ಫ್ಯಾನ್ ವಿಮಾನ ಹತ್ತಿದ್ರೆ ಅಲ್ಲೇ ಕೊಳೀತೀಯ, ಜೆಟ್ ಟೈಮ್ ಇಲ್ಲದೆ ಯಾರೂ ಮೂಸಿ ನೋಡಲ್ಲ.' ಮುಂದೆ ಅಗಲ ಮೈಯ ವಿಮಾನ ಹಾರಿಸಬೇಕು ಅನ್ನೋ ಆಸೆ ನನಗೂ ಇದೆ, ಸುಳ್ಳು ಹೇಳಲ್ಲ. ಬಲ್ಲವರು ಹೇಳಿ.

ಕುಡ್ಲದ_ಕ್ಯಾಪ್ಟನ್
ಮೂರನೇದನ್ನು ಇವತ್ತೇ ಕಟ್ ಮಾಡಿ ಬಿಸಾಡಿ ಮಾರಾಯ್ರೆ. ಉಳಿದದ್ದು ಆಮೇಲೆ ಮಾತಾಡುವ.

ನಾನು ಎಟಿಆರ್‌ನಲ್ಲಿ ಎಡಗಡೆ ಸೀಟು, ಅಂದ್ರೆ ಕ್ಯಾಪ್ಟನ್. ಹೆಂಗಸು, ಮಂಗಳೂರಿನವಳು. ನನ್ನ ಅಜ್ಜಿಯೂ ಕೇಳಿದ್ದುಂಟು, 'ಫ್ಯಾನ್ ಉಂಟಲ್ಲ, ಅದು ನಿಂತ್ರೆ ಎಂತ ಮಾಡ್ತೀ' ಅಂತ. ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೇ, ನಿಮ್ಮ ಬ್ಯಾಚ್‌ಮೇಟ್‌ಗಳದ್ದು ಅಲ್ಲ.

ಎಟಿಆರ್‌ನಲ್ಲಿ ಆಟೋಥ್ರಾಟಲ್ (ಎಂಜಿನ್ ಪವರ್ ತಾನೇ ಹೊಂದಿಸುವ ವ್ಯವಸ್ಥೆ) ಇಲ್ಲ. ಪವರ್ ನಿಮ್ಮ ಕೈಯಲ್ಲೇ. ಪವರ್ ಹೆಚ್ಚು ಕಡಿಮೆ ಮಾಡಿದ ಹಾಗೆ ಮೂಗು ಪಕ್ಕಕ್ಕೆ ಎಳೀತದೆ, ಕಾಲಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಹಿಡೀಲಿಕ್ಕೆ ಬರಬೇಕು. 25,000 ಅಡಿಗಿಂತ ಮೇಲೆ ಹೋಗುವ ಹಾಗಿಲ್ಲ. ಅಂದ್ರೆ ಜೂನ್, ಜುಲೈಯಲ್ಲಿ ಘಟ್ಟದ ಮೇಲೆ ಮೋಡ ಕಟ್ಟಿದಾಗ ಏರ್‌ಬಸ್‌ನವರು ಅದರ ತಲೆ ಮೇಲಿಂದ ದಾಟಿ ಹೋಗ್ತಾರೆ, ನಾವು ಅದರ ಹೊಟ್ಟೆಯ ಹತ್ರ ರಾಡಾರ್ ನೋಡ್ತಾ ಸಂದಿ ಹುಡುಕಬೇಕು. ಇಷ್ಟನ್ನು ದಿನಕ್ಕೆ ನಾಲ್ಕೈದು ಸಲ ಮಾಡಿದ ಮೇಲೆ ಎರಡು ವರ್ಷದಲ್ಲಿ ನೀವು ಬೇರೆಯೇ ಪೈಲಟ್ ಆಗಿರ್ತೀರಿ.

ಆದ್ರೆ ಬೆಣ್ಣೆ ಹಚ್ಚಿ ಹೇಳುವುದಿಲ್ಲ. ಬಾಂಡ್ ಪೇಪರ್ ಓದಿ. ಎಷ್ಟು ವರ್ಷ, ಎಷ್ಟು ಹಣ, ವರ್ಷ ಕಳೆದ ಹಾಗೆ ಮೊತ್ತ ಇಳೀತದಾ ಇಲ್ವಾ. ಇಳಿಯುವುದಿಲ್ಲ ಅಂತಾದ್ರೆ ಅದು ಬಾಂಡ್ ಅಲ್ಲ, ಸಂಕೋಲೆ.

ಎಲೆಕ್ಟ್ರಾನಿಕ್_ಸಿಟಿ_ಶಂಕ
ಎಟಿಆರ್ ಅಂದ್ರೆ ಬಿಎಂಟಿಸಿ, ಏರ್‌ಬಸ್ ಅಂದ್ರೆ ಐರಾವತ. ಸಿಂಪಲ್.

ಕುಡ್ಲದ_ಕ್ಯಾಪ್ಟನ್
@ಎಲೆಕ್ಟ್ರಾನಿಕ್_ಸಿಟಿ_ಶಂಕ ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿಸುವ ಬಿಎಂಟಿಸಿ ಡ್ರೈವರಿಗೆ ಐರಾವತ ಕೊಟ್ಟು ನೋಡಿ. ಹೈವೇಯಲ್ಲಿ ಅವನಿಗೆ ನಿದ್ದೆ ಬಂದೀತು, ಅದೊಂದೇ ಹೆದರಿಕೆ.

ಹಳೇ_ಆವ್ರೊ
ಮಗು, ನಾನು ನಿವೃತ್ತ. ಮಲ್ಲೇಶ್ವರದಲ್ಲಿದ್ದೇನೆ. ಈಗ ಹಾರಾಟ ಎಂದರೆ ಬೆಳಗ್ಗೆ ಸ್ಯಾಂಕಿ ಕೆರೆ ಸುತ್ತ ಎರಡು ರೌಂಡು, ಅಷ್ಟೇ.

ನಾನು ಮೊದಲು ಹತ್ತಿದ್ದು ಆವ್ರೊ, ಅಂದರೆ ಎಚ್‌ಎಎಲ್‌ನವರು ಕಾನ್ಪುರದಲ್ಲಿ ಕಟ್ಟುತ್ತಿದ್ದ ಎಚ್‌ಎಸ್ 748. ಎರಡು ಟರ್ಬೊಪ್ರಾಪ್ ಎಂಜಿನ್, ಅಂದರೆ ಪ್ರೊಪೆಲರ್ ತಿರುಗಿಸುವವು. ಆಗ ನಮ್ಮ ಜೊತೆಯವರಿಗೆ ಅದೇ ಅವಮಾನ, 'ಬೋಯಿಂಗ್ ಸಿಗಲಿಲ್ಲ' ಎಂದು. ಏಳು ವರ್ಷದ ಬಳಿಕ ನಾನೂ ಬೋಯಿಂಗಿಗೆ ಹೋದೆ. ಅಲ್ಲಿ ಒಂದು ದಿನ ಎಂಜಿನ್ ಕೈಕೊಟ್ಟಾಗ ಕಾಲು ತಾನಾಗಿಯೇ ಸರಿಯಾದ ಪೆಡಲ್ ಮೇಲೆ ಹೋಯಿತು. ಕಲಿಸಿದ್ದು ಆವ್ರೊ.

ನಿನ್ನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ನೀನು ವಿಮಾನ ಆರಿಸುತ್ತಿದ್ದೇನೆ ಎಂದುಕೊಂಡಿದ್ದೀಯ. 214 ಗಂಟೆಯವನಿಗೆ ವಿಮಾನ ಆರಿಸುವ ಭಾಗ್ಯವಿಲ್ಲ. ನೀನು ಆರಿಸುತ್ತಿರುವುದು ತಾರೀಖು. ಸೀನಿಯಾರಿಟಿ ಪಟ್ಟಿಯಲ್ಲಿ ನಿನ್ನ ಹೆಸರು ಯಾವ ದಿನ ಏರುತ್ತದೋ ಅದರಿಂದ ಮುಂದಿನ ಮೂವತ್ತು ವರ್ಷದ ರಜೆ, ಬೇಸ್, ಕಮಾಂಡ್ (ಕ್ಯಾಪ್ಟನ್ ಆಗುವುದು) ಎಲ್ಲ ನಿರ್ಧಾರ. ಒಂದೇ ಒಂದು ತಿಂಗಳು ತಡವಾಗಿ ಸೇರಿದ್ದಕ್ಕೆ ನಲವತ್ತು ಜನರ ಹಿಂದೆ ನಿಂತವರನ್ನು ನೋಡಿದ್ದೇನೆ.

ಡಿಸ್‌ಪ್ಯಾಚ್_ಡೆಸ್ಕ್
ಆವ್ರೊ ಸಾರ್ ಹೇಳಿದ್ದಕ್ಕೆ ಲೆಕ್ಕ ಹಾಕೋಣ. ನಾನು ಪೈಲಟ್ ಅಲ್ಲ, ದೇವನಹಳ್ಳಿ ಏರ್‌ಪೋರ್ಟಲ್ಲಿ ಡಿಸ್‌ಪ್ಯಾಚರ್, ನೆಲದಲ್ಲಿ ಕೂತು ಹಾರಾಟದ ಯೋಜನೆ ಮಾಡೋ ಕೆಲಸ. ಆದರೆ ಗಂಟೆಗಳ ಲೆಕ್ಕ ನಮ್ಮ ಕಣ್ಣ ಮುಂದೇನೇ ಓಡೋದು.

ಎಟಿಪಿಎಲ್‌ಗೆ (ಏರ್‌ಲೈನ್ ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್) ಒಟ್ಟು 1500 ಗಂಟೆ ಬೇಕು. ನಿನ್ನತ್ರ 214. ಬಾಕಿ 1286. ತಿಂಗಳಿಗೆ 65 ಗಂಟೆ ಹಾರಿದೆ ಅಂತಿಟ್ಕೋ (ವರ್ಷಕ್ಕೆ 1000ದ ಮಿತಿ ಇದೆ, ಅದರ ಹತ್ತಿರಕ್ಕೆ ಹೋಗೋದು ಬೇಡ), ಇಪ್ಪತ್ತು ತಿಂಗಳ ಕೆಲಸ. ಟ್ರೇನಿಂಗ್, ರಿಲೀಸ್ (ಟ್ರೇನಿಂಗ್ ಮುಗಿದು ಮಾಮೂಲಿ ಹಾರಾಟಕ್ಕೆ ಬಿಡೋದು) ಎಲ್ಲ ಸೇರಿ ಎರಡೂವರೆ ವರ್ಷ ಅನ್ನು. ಇ175ಗೆ ಎಂಟು ತಿಂಗಳು ಕಾದರೆ ಅಷ್ಟರಲ್ಲಿ ಎಟಿಆರ್‌ನಲ್ಲಿ ಸೇರಿದವನು ಲೈನ್‌ಗೆ ರಿಲೀಸ್ ಆಗಿ ಹಾರ್ತಾ ಇರ್ತಾನೆ. ಆ 'ಎಂಟು' ಹನ್ನೆರಡಾಗೋದು ನಮ್ಮ ಫೀಲ್ಡ್‌ನಲ್ಲಿ ಹೊಸದಲ್ಲ. ವಿಮಾನದ ಡೆಲಿವರಿ ತಡ, ಎಂಜಿನ್ ಶಾಪ್‌ನಲ್ಲಿ, ಲೀಸ್ ಪೇಪರ್ ಬಾಕಿ, ಕಾರಣ ಯಾವುದು ಬೇಕಾದ್ರೂ ಇರಬಹುದು.

1500 ಅಂಕಿ ಒಂದೇ ನೋಡಬೇಡ. ಎಟಿಪಿಎಲ್ ಲಿಖಿತ ಪರೀಕ್ಷೆಗಳನ್ನ ಈಗಲೇ ಮುಗಿಸು, ಖಾಲಿ ಕೂತಿದ್ದೀಯಲ್ಲ. ಕಂಪನಿಯಲ್ಲಿ ಪಿ1 ಅಂಡರ್ ಸೂಪರ್‌ವಿಷನ್ ಗಂಟೆ (ಕ್ಯಾಪ್ಟನ್ ಉಸ್ತುವಾರಿಯಲ್ಲಿ ಕೋ-ಪೈಲಟೇ ಕ್ಯಾಪ್ಟನ್ ಕೆಲಸ ಮಾಡೋದು) ಹೇಗೆ ಕೊಡ್ತಾರೆ ಅಂತಲೂ ಸೇರೋ ಮೊದಲೇ ಕೇಳು. ಗಂಟೆ 1800 ಆದರೂ ಆ ಒಂದು ಕಾಲಂ ತುಂಬದೆ ಕೂತಿರೋ ಹುಡುಗರಿದ್ದಾರೆ.

ಬೆಳಗಾವಿ_ಕುಂದಾ
ತಮ್ಮಾ, ನಾ ಇ175 ಹಾರಸ್ತೀನಿ, ಬಲಗಡೆ. ನಮ್ಮ ಕಡೆಯಿಂದಾನೂ ಒಂದ್ ಮಾತು ಇರ್ಲಿ.

ವಿಮಾನ ಅಂದ್ರ ಭಾಳ ಚಲೋ ವಿಮಾನ. ಆಟೋಥ್ರಾಟಲ್ ಐತಿ, ಸ್ಟಿಯರಿಂಗ್ ಕೊಂಬಿನ ಹಂಗ, ನೋಡಾಕ ವಿಚಿತ್ರ, ಹಿಡಿದ್ರ ಆರಾಮ. 41,000 ಅಡಿ ತನಕಾ ಏರ್ತೈತಿ. ಸ್ಟಾರ್ ಏರ್‌ನ್ಯಾಗ 76 ಸೀಟ್ ಹಾಕ್ಯಾರ, ಬಿಸಿನೆಸ್ ಕ್ಲಾಸ್ ಸೈತ ಐತಿ. ಅವ್ರು 2019ರಾಗ ಶುರು ಮಾಡಿದ್ದು ಸಣ್ಣ ಇಆರ್‌ಜೆ-145ಲಿಂದ, 50 ಸೀಟಿಂದು. ಇ175 ಬಂದಿದ್ದು 2023ಕ್ಕ. ಇಲ್ಲೊಂದು ತಪ್ಪು ತಿಳುವಳಿಕಿ ಭಾಳ ಮಂದಿಗೆ: ಎರಡೂ ಎಂಬ್ರೇಯರ್ ಅಂದ್ಕೂಡ್ಲೆ ಒಂದ ಟೈಪ್ ಅಲ್ಲ. 145ರ ರೇಟಿಂಗ್ ಬ್ಯಾರೆ, 175ರದ್ದು ಬ್ಯಾರೆ. 175 ಮಾಡಿದ್ರ 190ರ ಕಡೀಗೂ ದಾರಿ ಐತಿ, ಅದು ಜಗತ್ತಿನ್ಯಾಗ ಭಾಳ ಕಡೆ ಹಾರ್ತೈತಿ. ಪೂಲ್‌ನ್ಯಾಗ ಇಟ್ಟವರನ್ನ ಯಾವ ವಿಮಾನಕ್ಕ ಅಂತ ಕೇಳಿ ಇಟ್ಕೋ.

ಆದ್ರ ನಾ ಸುಳ್ಳು ಹೇಳಂಗಿಲ್ಲ. ನಮ್ಮ ದೇಶದಾಗ ಈ ಟೈಪ್ ಹಾರಸೋ ಕಂಪನಿ ಬೆರಳ ಮ್ಯಾಲ ಎಣಸಬೇಕು. ನಾಳೆ ನನಗ ಕಂಪನಿ ಬದ್ಲಿ ಮಾಡೂದಿದ್ರ ಎಲ್ಲಿ ಹೋಗ್ಲಿ? ಮತ್ತ ಹೊಸಾ ಟೈಪ್, ಮತ್ತ ಟ್ರೇನಿಂಗ್. ಎಟಿಆರ್ ಇದ್ದವ್ರಿಗೆ ಇಂಡಿಗೋ ಐತಿ, ಅಲಯನ್ಸ್ ಏರ್ ಐತಿ, 2024ರಿಂದ ಗೋವಾದ ಫ್ಲೈ91 ಐತಿ. ಬಾಗ್ಲು ಮೂರರ ಅದಾವ.

ಪೂಲ್ ಅಂದ್ರ ನೀರಿಲ್ಲದ ಹೊಂಡ ತಮ್ಮಾ. ಬರದ ಕೊಡೂ ತನಕಾ ನಂಬಬ್ಯಾಡ.

ಜಕ್ಕೂರು_ಪಾರಿವಾಳ
@ಬೆಳಗಾವಿ_ಕುಂದಾ ಅಣ್ಣ, ಥ್ಯಾಂಕ್ಸ್. ಇದು ನನಗೆ ಹೊಳೆದೇ ಇರಲಿಲ್ಲ. ಒಂದು ಮುಜುಗರದ ಪ್ರಶ್ನೆ ಕೇಳ್ತೀನಿ. ಎಟಿಆರ್ ಸೇಫಾ? ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದ ವಿಡಿಯೊ ನೋಡಿದ ಮೇಲೆ ಅಮ್ಮ ನಿದ್ದೆ ಮಾಡ್ತಿಲ್ಲ.

ಹಳೇ_ಆವ್ರೊ
ಮುಜುಗರ ಯಾಕೆ. ಕೇಳದವರನ್ನು ಕಂಡರೆ ನನಗೆ ಭಯ.

ಪೋಖರಾ, 2023ರ ಜನವರಿ 15. 72 ಜನ ಹೋದರು. ತನಿಖೆಯಲ್ಲಿ ಕಂಡದ್ದು: ಇಳಿಯುವ ಹೊತ್ತಿನಲ್ಲಿ ಫ್ಲ್ಯಾಪ್ (ಇಳಿಯುವಾಗ ಚಾಚುವ ರೆಕ್ಕೆಯ ಭಾಗ) ಲಿವರ್ ಹಿಡಿಯಬೇಕಾದ ಕೈ ಎರಡೂ ಕಂಡಿಷನ್ ಲಿವರ್‌ಗಳನ್ನು (ಪ್ರೊಪೆಲರ್ ಹತೋಟಿಯವು) ಫೆದರ್‌ಗೆ ಎಳೆದಿತ್ತು. ಪ್ರೊಪೆಲರ್ ಅಲಗು ಗಾಳಿಗೆ ಅಂಚು ತಿರುಗಿಸಿ ನಿಂತರೆ ಎಂಜಿನ್ ಓಡುತ್ತಿದ್ದರೂ ತಳ್ಳುವ ಶಕ್ತಿ ಇಲ್ಲ. ತೈವಾನಿನ ತೈಪೆ, 2015ರ ಫೆಬ್ರವರಿ 4. ಅಲ್ಲಿ ಒಂದು ಎಂಜಿನ್ ತಾನಾಗಿ ಫೆದರ್ ಆಯಿತು, ಗಡಿಬಿಡಿಯಲ್ಲಿ ಚೆನ್ನಾಗಿದ್ದ ಇನ್ನೊಂದನ್ನು ನಿಲ್ಲಿಸಿದರು. ಅಮೆರಿಕದ ರೋಸ್‌ಲಾನ್, 1994ರ ಅಕ್ಟೋಬರ್ 31. ರೆಕ್ಕೆಯ ಮೇಲೆ ಹಿಮ. ಆಮೇಲೆ ರೆಕ್ಕೆಯ ಅಂಚಿನ ರಬ್ಬರ್ ಬೂಟುಗಳನ್ನು ದೊಡ್ಡದು ಮಾಡಿದರು, ಹಿಮದಲ್ಲಿ ಹಾರುವ ನಿಯಮವನ್ನೂ ಬಿಗಿ ಮಾಡಿದರು.

ಮೂರರಲ್ಲಿ ಎರಡು ಕಡೆ ತಪ್ಪಿದ್ದು ಕೈ. ಹಾಗಾಗಿಯೇ ಎಟಿಆರ್ ತರಬೇತಿಯಲ್ಲಿ ಒಬ್ಬ ಲಿವರ್ ಮುಟ್ಟುತ್ತಾನೆ, ಹೆಸರು ಹೇಳುತ್ತಾನೆ, ಇನ್ನೊಬ್ಬ ನೋಡಿ ಖಾತ್ರಿ ಮಾಡಿದ ಮೇಲೆಯೇ ಎಳೆಯುವುದು. ಆ ಅರ್ಧ ಸೆಕೆಂಡಿನ ತಾಳ್ಮೆಯನ್ನು ನಿನಗೆ ಕಲಿಸುವ ಕಂಪನಿ ಯಾವುದು ಎಂದು ಹುಡುಕು. ಅಮ್ಮನಿಗೆ ಹೇಳು, ಬೆಂಗಳೂರಿಂದ ತಿಪಟೂರಿಗೆ ಬೈಕಲ್ಲಿ ಬರಬೇಡ ಎಂದು ಅವರು ಹೇಳುವುದು ಹೆಚ್ಚು ನ್ಯಾಯ.

ಡಲ್ಲಾಸ್_ದೊಡ್ಡಬಳ್ಳಾಪುರ
ಇಲ್ಲಿ ಅಮೆರಿಕದಲ್ಲಿ ರೀಜನಲ್ (ಸಣ್ಣ ವಿಮಾನಗಳ ಏರ್‌ಲೈನ್) ಹಾರಿಸ್ತೀನಿ, ಇ175. ನಿನ್ನ ಬ್ಯಾಚ್‌ಮೇಟ್‌ಗಳ ತಲೇಲಿರೋದು ಇಲ್ಲಿನ ಯೂಟ್ಯೂಬ್ ವಿಡಿಯೊಗಳ ಕಥೆ ಅಂತ ಅನ್ನಿಸ್ತಿದೆ.

ಇಲ್ಲಿ ಹುಡುಗರು ಜಗಳ ಆಡೋದು ಸಿಆರ್‌ಜೆನಾ (ಅದೂ ಒಂದು ಸಣ್ಣ ಜೆಟ್) ಇ175ನಾ ಅಂತ. ಸಿಆರ್‌ಜೆಯಲ್ಲಿ ಆಟೋಥ್ರಾಟಲ್ ಇಲ್ಲ, ಕಾಕ್‌ಪಿಟ್ ಹಳೇದು, ಬೇಸಗೆಯಲ್ಲಿ ಒಲೆ. ಅದರ ತಯಾರಿಕೆಯೂ 2021ರಲ್ಲಿ ನಿಂತೋಯ್ತು. ಇ175 ಇಲ್ಲಿ ಇಷ್ಟೊಂದು ಇರೋದಕ್ಕೆ ವಿಮಾನದ ಗುಣ ಒಂದೇ ಕಾರಣ ಅಲ್ಲ. ದೊಡ್ಡ ಏರ್‌ಲೈನ್ ಪೈಲಟ್ ಯೂನಿಯನ್‌ಗಳ ಒಪ್ಪಂದದಲ್ಲಿ 'ಸ್ಕೋಪ್' ಅಂತ ಒಂದು ಷರತ್ತಿದೆ: ರೀಜನಲ್ ಕಂಪನಿ 76 ಸೀಟು, 86,000 ಪೌಂಡ್ ದಾಟೋ ಹಾಗಿಲ್ಲ. ಆ ಗೆರೆಯೊಳಗೆ ಕೂರೋ ವಿಮಾನ ಇ175. ಹೊಸ ಇ175-ಇ2 ಆ ತೂಕ ಮೀರುತ್ತೆ, ಅದಕ್ಕೇ ಇಲ್ಲಿ ಬರಲೇ ಇಲ್ಲ. ಭಾರತದಲ್ಲಿ ಆ ಷರತ್ತೂ ಇಲ್ಲ, ಆ ವ್ಯವಸ್ಥೆಯೂ ಇಲ್ಲ.

ಇನ್ನೊಂದು ವ್ಯತ್ಯಾಸ. 2009ರಲ್ಲಿ ಬಫಲೋ ಹತ್ರ ಕೋಲ್ಗನ್ ಕಂಪನಿಯ ಕ್ಯೂ400 (ಪ್ರೊಪೆಲರ್ ವಿಮಾನ) ಬಿದ್ದ ಮೇಲೆ ಕಾನೂನು ಬದಲಾಗಿ, ಸಾಮಾನ್ಯವಾಗಿ 1500 ಗಂಟೆ ಇಲ್ಲದೆ ಏರ್‌ಲೈನ್ ಬಾಗಿಲೇ ತೆಗೆಯಲ್ಲ (ಮಿಲಿಟರಿ, ಕೆಲವು ಕಾಲೇಜಿನವರಿಗೆ ಸ್ವಲ್ಪ ರಿಯಾಯಿತಿ). ನಾನು ಸೆಸ್ನಾದಲ್ಲಿ ಮಕ್ಕಳಿಗೆ ಪಾಠ ಹೇಳ್ಕೊಂಡು ಎರಡು ವರ್ಷ ಕಳೆದೆ. ನೀನು 214 ಗಂಟೆಗೆ 23 ಟನ್ನಿನ ವಿಮಾನದ ಬಲಗಡೆ ಕೂರ್ತೀಯ. ಆ ಅವಕಾಶಕ್ಕೆ ನಾನಾಗಿದ್ರೆ ಕುಣಿದುಬಿಡ್ತಿದ್ದೆ ಮಗಾ.

ಬಾಂಡ್_ಮುಗೀಲಿಲ್ಲ
ಎಲ್ಲರೂ ಎಟಿಆರ್ ಎಟಿಆರ್ ಅಂತಿದ್ದೀರಿ, ನಾನು ಸ್ವಲ್ಪ ಕಹಿ ಹೇಳ್ತೀನಿ, ಬೇಜಾರಾಗಬೇಡಿ.

ನಾನು ಎಟಿಆರ್‌ಗೆ ಸೇರುವಾಗ ಹೇಳಿದ್ದು 'ಎರಡು ವರ್ಷ ಆದ್ಮೇಲೆ ಜೆಟ್‌ಗೆ ಹಾಕ್ತೀವಿ' ಅಂತ. ಕಂಪನಿ ಹೆಸರು ಬೇಡ. ಎರಡು ವರ್ಷ ಆಯ್ತು, 'ಈಗ ಎಟಿಆರ್‌ನಲ್ಲಿ ಜನ ಕಮ್ಮಿ ಇದ್ದಾರೆ, ನಿಮ್ಮನ್ನ ಬಿಡೋಕಾಗಲ್ಲ' ಅಂದ್ರು. ಮೂರಾಯ್ತು. ನನಗಿಂತ ಆಮೇಲೆ ಬಂದ ಕೆಡೆಟ್‌ಗಳು (ಕಂಪನಿಯೇ ತರಬೇತಿಗೆ ಆರಿಸಿದ ಹುಡುಗರು) ನೇರ ಎ320 ಹತ್ತಿ ಕೂತರು. ನಾನು ಐದನೇ ವರ್ಷ, ಬೆಳಗ್ಗೆ ಮೂರಕ್ಕೆ ಕ್ಯಾಬು, ಸಾದಹಳ್ಳಿ ಟೋಲು, ಐದು ಸೆಕ್ಟರು (ಅಂದ್ರೆ ಐದು ಹಾರಾಟ), ವಾಪಸ್. ನಾನು ಕೆಲಸ ಚೆನ್ನಾಗಿ ಮಾಡಿದ್ದೇ ನನಗೆ ಮುಳುವಾಯ್ತು ಅನ್ನಿಸಿದ ರಾತ್ರಿಗಳಿವೆ.

ಬಿಟ್ಟು ಹೋಗೋಣ ಅಂದ್ರೆ ಡಿಜಿಸಿಎ (ವಿಮಾನಯಾನದ ಸರ್ಕಾರಿ ನಿಯಂತ್ರಕರು) 2017ರ ನಿಯಮ: ನೋಟಿಸ್ ಅವಧಿ ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ. ಒಂದು ವರ್ಷ ಕಾಯೋಕೆ ಯಾವ ಹೊಸ ಕಂಪನಿ ರೆಡಿ ಇರುತ್ತೆ? ಅದಕ್ಕೇ ಹೇಳೋದು, ಕ್ಯಾಪ್ಟನ್ ಆಗೋದು ಅಂದ್ರೆ ಬಿಡೋದು ಇನ್ನೂ ಕಷ್ಟ ಆಗೋದು ಅಂತಲೂ ಅರ್ಥ.

ಕುಡ್ಲದ_ಕ್ಯಾಪ್ಟನ್
@ಬಾಂಡ್_ಮುಗೀಲಿಲ್ಲ ಇದು ನಿಜ. ನಾನು ಇದನ್ನು ಮೊದಲೇ ಬರೆಯಬೇಕಿತ್ತು. ಹುಡುಗನಿಗೆ ಉತ್ಸಾಹ ತುಂಬುವ ಭರದಲ್ಲಿ ಬಿಟ್ಟುಹೋಯ್ತು.

ಪಾರಿವಾಳ, ಇದನ್ನು ಎರಡು ಸಲ ಓದಿ. ಬಾಯಿ ಮಾತಿನ ಟ್ರಾನ್ಸಿಷನ್‌ಗೆ (ಜೆಟ್‌ಗೆ ಬದಲಾಯಿಸುವುದಕ್ಕೆ) ಬೆಲೆ ಇಲ್ಲ. ಎಗ್ರಿಮೆಂಟಿನಲ್ಲಿ 'ಕಂಪನಿಯ ಅಗತ್ಯಕ್ಕೆ ತಕ್ಕಂತೆ' ಅಂತ ಇದ್ರೆ ಅದರ ಅರ್ಥ 'ನಮಗೆ ಮನಸ್ಸಾದಾಗ' ಅಂತ. ಆದ್ರೂ ನಾನು ನನ್ನ ಮಾತು ಬದಲಿಸುವುದಿಲ್ಲ. ಆ ಐದು ವರ್ಷ ಅವರಿಗೆ ನಷ್ಟ ಅನ್ನಿಸಿದ್ರೂ ಲಾಗ್‌ಬುಕ್‌ನಲ್ಲಿ ಗಂಟೆ ಇದೆ. ಖಾಲಿ ಕೂತವನಿಗೆ ಅದೂ ಇಲ್ಲ.

ಬಾಂಡ್_ಮುಗೀಲಿಲ್ಲ
ಅದನ್ನ ಒಪ್ತೀನಿ ಮೇಡಂ. ಸೇರಬೇಡ ಅಂತ ನಾನು ಹೇಳ್ತಿಲ್ಲ. ಎಟಿಆರ್‌ಗೆ ಸೇರಿದ್ರೆ ಎಟಿಆರ್ ಕ್ಯಾಪ್ಟನ್ ಆಗೋಕೆ ಸೇರು, ಏರ್‌ಬಸ್‌ಗೆ ಏಣಿ ಅಂತ ಸೇರಬೇಡ. ನಾನು ಏಣಿ ಅಂದ್ಕೊಂಡಿದ್ದೆ, ಅದಕ್ಕೇ ಈ ಸಂಕಟ.

ತೋಟದ_ಅಪ್ಪ
ನಮಸ್ಕಾರ. ನನ್ನ ಮಗಳೂ ಪೈಲಟ್ ಟ್ರೇನಿಂಗ್ ಮಾಡುತ್ತಿದ್ದಾಳೆ, ಅದಕ್ಕೆ ಓದುತ್ತಿದ್ದೆ. ಈ ಟೈಪ್ ರೇಟಿಂಗ್ ಎನ್ನುವುದು ಪದವಿಯ ಹಾಗೆ ಅಲ್ಲವೇ? ಒಮ್ಮೆ ತೆಗೆದುಕೊಂಡರೆ ಇರುತ್ತದೆ ತಾನೆ? ಹಾಗಾದರೆ ಸಾಲ ಮಾಡಿ ಮಾಡಿಸಿದರೆ ತಪ್ಪೇನು? ದಯವಿಟ್ಟು ತಿಳಿಸಿ.

ಸಿಮ್‌ನಲ್ಲೇ_ಉಳಿದವ
ಅಂಕಲ್, ನಾನು ಹೇಳ್ತೀನಿ, ಏಕೆಂದ್ರೆ ನಾನು ಅದನ್ನೇ ಮಾಡಿದ್ದು.

ಟೈಪ್ ರೇಟಿಂಗ್ ಡಿಗ್ರಿ ಥರ ಅಲ್ಲ, ಹಾಲಿನ ಪ್ಯಾಕೆಟ್ ಥರ. ಹಾರ್ತಾ ಇದ್ರೆ ಮಾತ್ರ ತಾಜಾ. ಹಾರಿಸೋಕೆ ಕೆಲಸ ಬೇಕು. ಕೆಲಸ ಇಲ್ಲದಿದ್ರೆ ರೇಟಿಂಗ್ ಚಾಲ್ತಿಯಲ್ಲಿ ಉಳಿಯೋಕೆ ಆಗಾಗ ಸಿಮ್ಯುಲೇಟರ್ ಬಾಡಿಗೆಗೆ ತಗೊಂಡು ಚೆಕ್ ಕೊಡಬೇಕು, ಅದಕ್ಕೂ ನಮ್ಮದೇ ದುಡ್ಡು. ನಾನು ಹೀಗೆ ಎರಡು ವರ್ಷ ಕಟ್ಟಿದೆ. ಆ ಹೊತ್ತಿಗೆ 2023ರ ಮೇನಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತೋಯ್ತು, ಎ320 ಅನುಭವ ಇರೋ ಪೈಲಟ್‌ಗಳೇ ಮಾರ್ಕೆಟ್‌ಗೆ ಬಂದ್ರು. ಸಾವಿರಾರು ಗಂಟೆ ಹಾರಿಸಿದವರು ಕ್ಯೂನಲ್ಲಿ ನಿಂತಿರುವಾಗ ಸಿಮ್‌ನಲ್ಲಿ ಮಾತ್ರ ಎ320 ನೋಡಿದ ನನ್ನನ್ನ ಯಾರು ಕೇಳ್ತಾರೆ ಅಂಕಲ್?

'ಪ್ಲೇಸ್‌ಮೆಂಟ್ ಸಪೋರ್ಟ್' ಅಂತ ಬರೆದುಕೊಟ್ಟಿದ್ದ ಏಜೆಂಟ್ ಆಮೇಲೆ ನನ್ನ ಫೋನ್ ಎತ್ತೋದನ್ನೂ ಬಿಟ್ಟ. ಈಗ ನಾನು ಗ್ರೌಂಡ್ ಇನ್‌ಸ್ಟ್ರಕ್ಟರ್. ಮೆಟಿಯರಾಲಜಿ ಪಾಠ ಹೇಳ್ತೀನಿ, ಹೊಟ್ಟೆಪಾಡು ನಡೀತಿದೆ. ಮಗಳಿಗೆ ಹೇಳಿ, ಕಂಪನಿ ಕೊಡಿಸೋ ರೇಟಿಂಗೇ ರೇಟಿಂಗ್.

ತೋಟದ_ಅಪ್ಪ
ತುಂಬಾ ಉಪಕಾರವಾಯಿತು. ನನಗೆ ಹೇಳಿದವರು ಯಾರೂ ಹೀಗೆ ಹೇಳಿರಲಿಲ್ಲ. ನಿಮಗೆ ಒಳ್ಳೆಯದಾಗಲಿ.

ಎಲೆಕ್ಟ್ರಾನಿಕ್_ಸಿಟಿ_ಶಂಕ
ಸರಿ, ಜೋಕ್ ಬಿಟ್ಟು ಕೇಳ್ತೀನಿ. ಇಂಡಿಗೋ 2023ರಲ್ಲಿ ಒಂದೇ ಏಟಿಗೆ 500 ಏರ್‌ಬಸ್ ಆರ್ಡರ್ ಮಾಡ್ತು, ಏರ್ ಇಂಡಿಯಾ ಏರ್‌ಬಸ್, ಬೋಯಿಂಗ್ ಸೇರಿ 470. ಇಷ್ಟು ವಿಮಾನ ಬರುವಾಗ ಜೆಟ್ ಸೀಟಿಗೇನು ಬರ? ಸ್ವಲ್ಪ ಕಾದ್ರೆ ಸಿಗಲ್ವಾ?

ಡಿಸ್‌ಪ್ಯಾಚ್_ಡೆಸ್ಕ್
ಆರ್ಡರ್ ಆಗೋದು ಒಂದು ದಿನ, ವಿಮಾನ ಬರೋದು ಹತ್ತು ವರ್ಷದಲ್ಲಿ. ಬರೋದಕ್ಕೂ ಬಲಗಡೆ ಸೀಟಿಗೆ ಕೆಡೆಟ್ ಪ್ರೋಗ್ರಾಂ ಹುಡುಗರು ಆಗಲೇ ಲೈನ್ ಕಟ್ಟಿದ್ದಾರೆ. ಕೊರತೆ ಇರೋದು ಕ್ಯಾಪ್ಟನ್‌ಗಳದ್ದು. 200 ಗಂಟೆಯವರದ್ದಲ್ಲ, ಅವರು ಎಲ್ಲೆಲ್ಲೂ ಇದ್ದಾರೆ. ಜಕ್ಕೂರಿನ ಟೀ ಅಂಗಡಿಯಲ್ಲಿ ಕಲ್ಲು ಎಸೆದ್ರೆ ಇಬ್ಬರಿಗೆ ಬೀಳುತ್ತೆ.

ಅದಕ್ಕೇ ಬೇಗ ಕ್ಯಾಪ್ಟನ್ ಮಾಡೋ ವಿಮಾನ ನೋಡು ಅನ್ನೋದು. ರೀಜನಲ್ ಕಡೆ ಕಮಾಂಡ್ ಸಾಮಾನ್ಯವಾಗಿ ಬೇಗ ಬರುತ್ತೆ.

ಅಂದ ಹಾಗೆ ಒಂದು ಹೊಟ್ಟೆಕಿಚ್ಚಿನ ವಿಷಯವೂ ಹೇಳಿಬಿಡ್ತೀನಿ. ಡಿಸೆಂಬರ್ ಜನವರಿ ಮಂಜಲ್ಲಿ ದೇವನಹಳ್ಳಿ ಮುಚ್ಚಿಕೊಂಡಾಗ ದಕ್ಷಿಣದ ರನ್‌ವೇ ಮೇಲೆ ಏರ್‌ಬಸ್‌ಗಳು ಆಟೋಲ್ಯಾಂಡ್ (ಆಟೋಪೈಲಟೇ ಇಳಿಸೋದು) ಮಾಡಿ ಇಳೀತಾವೆ. ಎಟಿಆರ್‌ಗೆ ಆಟೋಲ್ಯಾಂಡ್ ಇಲ್ಲ. ನಮ್ಮ ಎಟಿಆರ್ ಹುಡುಗರು ಫಿಲ್ಟರ್ ಕಾಫಿ ಹಿಡ್ಕೊಂಡು ಕಿಟಕಿ ನೋಡ್ತಾ ಕೂರ್ತಾರೆ. ಡ್ಯೂಟಿ ಟೈಮ್ ಅಲ್ಲೇ ಕರಗುತ್ತೆ.

ರೋಟರಿ_ಅಲ್ಲ_ಕ್ಯಾರವಾನ್
ನಡುವೆ ನನ್ನದೊಂದು. ಇನ್ನೂ ಸಣ್ಣ ವಿಮಾನದಿಂದ ಶುರು ಮಾಡೋ ಯೋಚನೆ ಇರೋರಿಗೆ: ಸೆಸ್ನಾ ಕ್ಯಾರವಾನ್‌ನಂಥದ್ದು ಒಬ್ಬನೇ ಪೈಲಟ್‌ಗೆ ಸರ್ಟಿಫೈ ಆದ ವಿಮಾನ. ಅದರಲ್ಲಿ ಕೋ-ಪೈಲಟ್ ಆಗಿ ಕೂತ ಗಂಟೆಯನ್ನ ಐಕಾವೊ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ತಗೊಳ್ಳಲ್ಲ. ನನಗೆ ಇದು ಗೊತ್ತಾಗಿದ್ದು 600 ಗಂಟೆ ಹಾರಿಸಿದ ಮೇಲೆ. ಎಟಿಆರ್, ಎಂಬ್ರೇಯರ್‌ಗೆ ಆ ತೊಂದರೆ ಇಲ್ಲ, ಎರಡೂ ಇಬ್ಬರು ಪೈಲಟ್‌ಗಳ ವಿಮಾನ. ಕ್ಯೂ400 ಬಗ್ಗೆ ಯಾರೂ ಹೇಳಿಲ್ಲ ಅಂತ ಹೇಳ್ತೀನಿ: ಹಾರಿಸೋಕೆ ಬೆಂಕಿ ವಿಮಾನ, ಎಟಿಆರ್‌ಗಿಂತ ತುಂಬಾ ಸ್ಪೀಡು. ಆದರೆ ಹೊಸದು ಕಟ್ಟೋದನ್ನ 2021ರಲ್ಲೇ ನಿಲ್ಲಿಸಿದ್ದಾರೆ. ಕರಿಯರ್ ಶುರು ಮಾಡೋಕೆ ಅದನ್ನ ಹುಡುಕಿಕೊಂಡು ಹೋಗಬೇಡಿ.

ಬೆಳಗಾವಿ_ಕುಂದಾ
ಹೆಸರು ಮಸ್ತ್ ಇಟ್ಕೊಂಡೀರಿ ಬಿಡ್ರಿ 😄

ಎಚ್‌ಎಎಲ್‌ದವ್ರು 2025ರ ಅಕ್ಟೋಬರ್‌ದಾಗ ರಷ್ಯಾದ ಎಸ್‌ಜೆ-100 ಜೆಟ್ ಕಟ್ಟೂ ಬಗ್ಗೆ ಒಪ್ಪಂದ ಮಾಡ್ಕೊಂಡಾರಲ್ಲ, ಅದನ್ನ ನಂಬ್ಕೊಂಡು ಕುಂದರೂ ಮಂದೀನೂ ನೋಡೀನಿ. 'ನಮ್ಮ ಬೆಂಗಳೂರಿನ ಕಂಪನಿ, ನಮ್ಮ ಜೆಟ್' ಅಂತ. ಬರ್ಲಿ, ನನಗೂ ಖುಷಿನ. ಆದ್ರ ರೋಸ್ಟರ್‌ನ್ಯಾಗ ಬರೂ ತನಕಾ ಅದು ಪೇಪರ್ ಸುದ್ದಿ.

ಹಳೇ_ಆವ್ರೊ
ಈ ಊರಿಗೆ ಆ ಆಸೆ ಹೊಸತಲ್ಲಪ್ಪ. ಎನ್‌ಎಎಲ್ ಎಂಬ ಇಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯವರ ಸರಸ್ ವಿಮಾನ 2009ರ ಮಾರ್ಚ್‌ನಲ್ಲಿ ಬಿಡದಿ ಹತ್ತಿರ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಅವತ್ತು ಸಂಜೆ ನಾವು ಹಳಬರು ಕೆಲವರು ಸೇರಿದ್ದೆವು, ಯಾರೂ ಹೆಚ್ಚು ಮಾತಾಡಲಿಲ್ಲ. ವಿಷಯ ಬೇರೆ ಕಡೆ ಹೋಯಿತು, ಕ್ಷಮಿಸಿ.

ಕಂಪನಿಯ ಆರೋಗ್ಯದ ಮಾತು ಬಂದಿಲ್ಲ. 2003ರಲ್ಲಿ ಇದೇ ಬೆಂಗಳೂರಿನಿಂದ ಏರ್ ಡೆಕ್ಕನ್ ಎಟಿಆರ್ ಹಾರಿಸಲು ತೊಡಗಿದಾಗ ಎಲ್ಲರೂ ನಕ್ಕರು. ಅಲ್ಲಿ ಸೇರಿದ ಹುಡುಗರಲ್ಲಿ ಎಷ್ಟೋ ಜನ ಬೇಗ ಕ್ಯಾಪ್ಟನ್ ಆದರು. ಮುಂದೆ ಅದು ಕಿಂಗ್‌ಫಿಶರ್ ಪಾಲಾಯಿತು, 2012ರಲ್ಲಿ ಕಿಂಗ್‌ಫಿಶರ್ ಕೂಡ ನಿಂತಿತು. ನಿಂತ ದಿನ ಎ320ಯವರೂ ಎಟಿಆರ್‌ನವರೂ ಒಂದೇ ಬೀದಿಯಲ್ಲಿದ್ದರು. ಸಂಬಳ ತಿಂಗಳ ಕೊನೆಗೆ ಬರುತ್ತಿದೆಯೇ, ಪಿಎಫ್ ಕಟ್ಟುತ್ತಿದ್ದಾರೆಯೇ, ಲೀಸಿನವರು ವಿಮಾನ ವಾಪಸ್ ಕೇಳುತ್ತಿದ್ದಾರೆಯೇ? ಇದನ್ನು ಅಲ್ಲಿರುವ ಲೋಡರ್ ಹುಡುಗರನ್ನು ಕೇಳು, ಎಚ್‌ಆರ್ ಅನ್ನಲ್ಲ. ಪೈಲಟ್‌ಗಳಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಜಕ್ಕೂರು_ಪಾರಿವಾಳ
ಎಲ್ಲರಿಗೂ ಉತ್ತರ ಕೊಡೋಕೆ ಹತ್ತು ದಿನ ಆಯ್ತು, ಕ್ಷಮಿಸಿ. ಊರಿಗೆ ಹೋಗಿದ್ದೆ.

ಅಪ್ಪನಿಗೆ 'ಸಿಮ್‌ನಲ್ಲೇ_ಉಳಿದವ' ಅಣ್ಣ ಬರೆದದ್ದನ್ನ ಹಾಗೇ ಓದಿ ಹೇಳಿದೆ. ತೋಟದಲ್ಲಿ ಕೂತಿದ್ರು. ಪೂರ್ತಿ ಕೇಳಿ, 'ಹಾಲಿನ ಪ್ಯಾಕೆಟ್ಟಾ' ಅಂದು ಎದ್ದು ಮೋಟರ್ ಆನ್ ಮಾಡೋಕೆ ಹೋದ್ರು. ಸಾಲದ ಮಾತು ಮತ್ತೆ ಎತ್ತಲಿಲ್ಲ.

ಬಾಂಡ್ ಪೇಪರ್ ತುಮಕೂರಿನ ಒಬ್ಬ ವಕೀಲರಿಗೆ ತೋರಿಸಿದೆ. ಮೊತ್ತ ವರ್ಷ ವರ್ಷ ಇಳಿಯುತ್ತೆ. ಜೆಟ್ ಬದಲಾವಣೆ ಬಗ್ಗೆ ಕುಡ್ಲದ ಮೇಡಂ ಹೇಳಿದ ಅದೇ ಸಾಲು, 'ಕಂಪನಿಯ ಅಗತ್ಯಕ್ಕೆ ತಕ್ಕಂತೆ'. ನಗು ಬಂತು. ಬಾಂಡ್_ಮುಗೀಲಿಲ್ಲ ಅಣ್ಣ, ಆ ಸಾಲು ಇಲ್ಲ ಅಂತಲೇ ತಿಳ್ಕೊಂಡು ಸಹಿ ಹಾಕಿದೆ. ಎಟಿಆರ್ ಕ್ಯಾಪ್ಟನ್ ಆಗೋಕೇ ಹೋಗ್ತಿದ್ದೀನಿ. ಆಮೇಲಿಂದು ಆಮೇಲೆ.

ಎಂಬ್ರೇಯರ್‌ನವರಿಗೆ ಮೇಲ್ ಹಾಕಿ ತಿಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಕ್ಲಾಸ್ ಶುರುವಾಗೋಕೆ ಮೂರು ವಾರ ಇದೆ. ಎಲ್ಲಿಂದ ಓದೋಕೆ ಶುರು ಮಾಡಲಿ?

ಕುಡ್ಲದ_ಕ್ಯಾಪ್ಟನ್
ಕಂಗ್ರಾಟ್ಸ್! ಸಿಸ್ಟಮ್ಸ್ ಓದುವಾಗ ಪ್ರೊಪೆಲರ್ ಅಧ್ಯಾಯದಿಂದ ಶುರು ಮಾಡಿ, ಎಲ್ಲರೂ ಕೊನೆಗೆ ಇಡ್ತಾರೆ. ಆಮೇಲೆ ಹೋಟೆಲ್ ಮೋಡ್. ಎಟಿಆರ್‌ನಲ್ಲಿ ಎಪಿಯು (ನೆಲದಲ್ಲಿ ಕರೆಂಟು, ಗಾಳಿ ಕೊಡುವ ಸಣ್ಣ ಎಂಜಿನ್) ಇಲ್ಲ, ನೆಲದಲ್ಲಿ ಬಲಗಡೆ ಪ್ರೊಪೆಲರಿಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸಿ ಕರೆಂಟು, ಗಾಳಿ ತಗೊಳ್ಳುವುದು. ಚೆಕ್‌ನಲ್ಲಿ ಇದನ್ನು ಕೇಳದ ಎಕ್ಸಾಮಿನರನ್ನು ನಾನು ನೋಡಿಲ್ಲ.

ಮತ್ತೆ ಕಾಕ್‌ಪಿಟ್ ಪೋಸ್ಟರ್ ಒಂದು ಗೋಡೆಗೆ ಅಂಟಿಸಿ. ಕುರ್ಚಿ ಹಾಕಿ ಕೂತು ಕೈ ಆಡಿಸಿ, ಬಾಯಲ್ಲಿ ಹೇಳಿ. ಪಿಜಿಯವರು ಹುಚ್ಚು ಅಂದ್ಕೊಳ್ಳಲಿ, ತೊಂದರೆ ಇಲ್ಲ.

ಜಕ್ಕೂರು_ಪಾರಿವಾಳ
ಪೋಸ್ಟರ್ ಎಲ್ಲಿ ಸಿಗುತ್ತೆ ಮೇಡಂ?

ಡಿಸ್‌ಪ್ಯಾಚ್_ಡೆಸ್ಕ್
ಪಿಡಿಎಫ್ ನನ್ನತ್ರ ಇದೆ, ಮೆಸೇಜ್ ಮಾಡು. ಯಲಹಂಕದಲ್ಲಿ ಯಾವುದಾದ್ರೂ ಫ್ಲೆಕ್ಸ್ ಅಂಗಡಿಗೆ ಕೊಟ್ರೆ ಹುಟ್ಟುಹಬ್ಬದ ಬ್ಯಾನರ್ ರೇಟಿಗೇ ಹಾಕಿಕೊಡ್ತಾರೆ. ಮ್ಯಾಟ್ ಹಾಕಿಸು, ಇಲ್ಲಾಂದ್ರೆ ಟ್ಯೂಬ್‌ಲೈಟ್ ಹೊಳೆದು ಅರ್ಧ ಸ್ವಿಚ್ ಕಾಣಲ್ಲ.

ಹಳೇ_ಆವ್ರೊ
ಲಿವರ್‌ಗಳನ್ನು ಮಾತ್ರ ರಟ್ಟಿನಲ್ಲಿ ಕತ್ತರಿಸಿ ಮಾಡಿಕೋ, ಪೋಸ್ಟರ್‌ನಲ್ಲಿ ಕೈಗೆ ಸಿಗುವುದಿಲ್ಲ. ಪವರ್, ಕಂಡಿಷನ್, ಫ್ಲ್ಯಾಪ್, ಮೂರನ್ನೂ ಬೇರೆ ಬೇರೆ ಆಕಾರದಲ್ಲಿ. ಕಣ್ಣು ಮುಚ್ಚಿ ಮುಟ್ಟಿ ಹೆಸರು ಹೇಳು. ಒಂದು ಭಾನುವಾರ ಮನೆಗೆ ಬಾ, ನಾನು ಎಡಗಡೆ ಕೂರುತ್ತೇನೆ.